ಕೌದಿ ಹೊಲಿಗೆ ಹಾಕಿದ ಸ್ಕೀ ಪ್ಯಾಂಟು

ಕಾರ್ತಿಕ ಮಾಸದ ಎರಡನೆಯ ಸೋಮವಾರ, ಮಧ್ಯಾಹ್ನ ನಾಲ್ಕರ ಹೊತ್ತು. ಸಿಂಗಪುರದ ಹೌಗಾಂಗಿನಲ್ಲಿ ಆ ದಿನಗಳಲ್ಲಿ ಮಳೆ ಗಡಿಯಾರ ನೋಡಿಕೊಂಡೇ ಬರುತ್ತದೆ. ಊಟ ಮುಗಿಸಿ ಕಣ್ಣು ಮುಚ್ಚುವಷ್ಟರಲ್ಲಿ ಶುರುವಾದರೆ ಚಹಾದ ಹೊತ್ತಿಗೆ ನಿಲ್ಲುತ್ತದೆ. ಅಂದು ನಿಂತಿರಲಿಲ್ಲ. ದಾನವ್ವ ಕಿಟಕಿಯ ಕೆಳಗೆ ಚಾಪೆ ಹಾಕಿಕೊಂಡು ಯಾರದೋ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದಳು. ಪದ್ಮಜಾ ಮತ್ತು ಅವಳ ಮಗಳು ತೃಪ್ತಿ ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ ಒಳಗೆ ಬಂದರು. ಅವರು ಬಂದದ್ದು ಚಳಿ ಪೆಟ್ಟಿಗೆಗಾಗಿ.

ಚಳಿ ಪೆಟ್ಟಿಗೆ ಅಂದರೆ ಏನೆಂದು ಹೇಳಬೇಕು. ಸಿಂಗಪುರದಲ್ಲಿ ಚಳಿ ಎಂಬುದು ಆಫೀಸಿನ ಏಸಿಯಲ್ಲಿ ಮಾತ್ರ. ಆದರೆ ವರ್ಷದ ಕೊನೆಗೆ ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಜನ ಜಪಾನಿಗೆ, ಕೊರಿಯಾಕ್ಕೆ ಹಿಮ ನೋಡಲು ಹೊರಡುತ್ತಾರೆ. ಒಂದು ವಾರದ ಚಳಿಗೆ ದಪ್ಪ ಬಟ್ಟೆ ಕೊಳ್ಳುವವರು ಯಾರು, ಕೊಂಡರೂ ಆಮೇಲೆ ಇಡಲು ಜಾಗವೆಲ್ಲಿ? ಹಾಗಾಗಿ ಕನ್ನಡದ ಮನೆಗಳ ನಡುವೆ ಒಂದು ದೊಡ್ಡ ಪೆಟ್ಟಿಗೆ ಓಡಾಡುತ್ತಿತ್ತು. ಜಾಕೆಟ್, ಕೈಗವಸು, ಉಣ್ಣೆಯ ಟೋಪಿ, ಒಳಗೆ ತೊಡುವ ಬನಿಯನ್ನು, ಎಲ್ಲ ಅದರಲ್ಲಿ. ಒಯ್ದವರು ತೊಳೆದು ತಂದಿಡಬೇಕು, ಹೋದವರು ಒಂದು ಹೊಸ ವಸ್ತು ಸೇರಿಸಬೇಕು ಎಂಬುದು ರೂಢಿ. ಇಪ್ಪತ್ತೈದು ವರ್ಷಗಳಿಂದ ಅದು ದಾನವ್ವನ ಮಂಚದ ಕೆಳಗಿತ್ತು. ಯಾಕೆಂದರೆ ಹರಿದದ್ದನ್ನು ಹೊಲಿಯುವವಳು, ಸೊಂಟ ಬಿಗಿ ಮಾಡುವವಳು, ಉದ್ದ ಮಡಚುವವಳು ಅವಳೇ. ಗುಳೇದಗುಡ್ಡದಲ್ಲಿ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಗಂಡ ತಿಪ್ಪಣ್ಣನ ಹಿಂದೆ ಬಂದು ಈ ಊರಲ್ಲಿ ಮೂವತ್ತು ವರ್ಷ ಕಳೆದವಳು. ಇಂಗ್ಲಿಷಿನಲ್ಲಿ ಬಸ್ಸಿನ ನಂಬರಿಗಿಂತ ಹೆಚ್ಚು ಓದಲಾರಳು. ತಿಪ್ಪಣ್ಣ ತೀರಿಕೊಂಡ ಮೇಲೂ ಅವಳ ಬಾಗಿಲಿಗೆ ಜನ ಬರುವುದು ನಿಂತಿರಲಿಲ್ಲ. ಅದಕ್ಕೆ ಆ ಪೆಟ್ಟಿಗೆಯೂ ಕಾರಣ.

ತೃಪ್ತಿಗೆ ಬೇಕಾಗಿದ್ದದ್ದು ಹಿಮದ ಮೇಲೆ ಜಾರುವಾಗ ತೊಡುವ ಹೆಂಗಸರ ಸ್ಕೀ ಪ್ಯಾಂಟು. ಒಳಗೆ ದಪ್ಪ ಹತ್ತಿಯಂಥದ್ದು ತುಂಬಿದ, ಕಡುನೀಲಿ ಬಣ್ಣದ್ದು. ಹೋದ ವರ್ಷ ಒಯ್ದವರು ಯಾರೋ ಅದನ್ನು ಬಿಸಿ ಡ್ರೈಯರಿಗೆ ಹಾಕಿಬಿಟ್ಟಿದ್ದರು. ಒಳಗಿನ ತುಂಬು ಕರಗಿ, ಗಂಟುಗಟ್ಟಿ, ಜರುಗಿ ಮೊಣಕಾಲಿಗೆ ಬಂದು ಕೂತಿತ್ತು. ತೊಡೆಯ ಭಾಗದಲ್ಲಿ ಎರಡು ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ.

ತೃಪ್ತಿ ಒಳಕೋಣೆಗೆ ಹೋಗಿ ತೊಟ್ಟುಕೊಂಡು ಬಂದಳು. ಹತ್ತೊಂಬತ್ತರ ಹುಡುಗಿ. ಎರಡು ಕೈ ಅಗಲಿಸಿ ಹಾಲಿನಲ್ಲಿ ನಾಲ್ಕು ಹೆಜ್ಜೆ ಹಾಕಿದಳು.

"ಅಮ್ಮಾ, ಪೆಂಗ್ವಿನ್ ತರ ಇದೀನಿ. ಸೋ ಅಗ್ಲಿ ಲಾ," ಎಂದಳು, ಆ ಊರಿನ ಹುಡುಗರಂತೆ ಕೊನೆಗೊಂದು 'ಲಾ' ಸೇರಿಸಿ.

"ಮೊಣಕಾಲಿಗೆ ದಿಂಬು ಕಟ್ಟಿದ ಹಾಗಿದೆ," ಎಂದು ಪದ್ಮಜಾ ನಕ್ಕಳು. "ಬಿಡಿ ಆಂಟಿ. ನಾನು ಆನ್‌ಲೈನ್ ಆರ್ಡರ್ ಮಾಡ್ತೀನಿ. ನಾಳೆ ನಾಡಿದ್ದರಲ್ಲಿ ಡೆಲಿವರಿ ಆಗತ್ತೆ." ಅವಳಿಗೆ ತಂಜಾಂಗ್ ಪಗಾರಿನ ಬ್ಯಾಂಕಿನಲ್ಲಿ ದೊಡ್ಡ ಕೆಲಸ. ಕೊಳ್ಳುವುದು ಕಷ್ಟವಲ್ಲ.

ದಾನವ್ವ ಸೀರೆ ಬದಿಗಿಟ್ಟು ಹುಡುಗಿಯ ತೊಡೆಯ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದಳು.

"ಒಂದು ವಾರ ಹೋಗಿಬರೂದಕ್ಕ ಹೊಸಾದು ಯಾಕ ತಂಗಿ? ನಾ ಕೂತೀನಲ್ಲ. ಹತ್ತಿ ಒಂದು ಕಡೆ ಹೋಗಿ ಕೂತದ, ಅಷ್ಟ. ಹರವಿ, ಮ್ಯಾಲ ಕೌದಿ ಹೊಲಿಗಿ ಹಾಕಿಬಿಟ್ರ ಹತ್ತು ವರ್ಷ ಜರಗೂದಿಲ್ಲ."

"ಕೌದಿ ಅಂದ್ರೆ ನಿಮ್ಮ ಸೋಫಾ ಮೇಲೆ ಇದ್ಯಲ್ಲ, ಅದಾ ಅಜ್ಜಿ?" ತೃಪ್ತಿಯ ಕಣ್ಣು ಅಗಲವಾಯಿತು. "ಆ ಸ್ಟಿಚ್ಚು? ಪ್ಯಾಂಟ್ ಮೇಲೆ? ಅಯ್ಯೋ ಹಾಕಿ ಅಜ್ಜಿ, ಪ್ಲೀಸ್. ಕೆಂಪು ದಾರದಲ್ಲಿ ಹಾಕಿ."

"ಹುಚ್ಚುಡುಗಿ, ಅಲ್ಲಿ ಯಾರು ನಿನ್ನ ಪ್ಯಾಂಟ್ ನೋಡ್ತಾರೆ?"

"ನಾನು ಬೀಳೋದನ್ನ ಎಲ್ರೂ ನೋಡ್ತಾರಮ್ಮ. ಬೀಳೋವಾಗ್ಲಾದ್ರೂ ಸ್ಟೈಲಾಗಿ ಬೀಳ್ಬೇಕಲ್ವಾ?"

ಮೂವರೂ ನಕ್ಕರು. ಆನ್‌ಲೈನ್ ಮಾತು ಅಲ್ಲಿಗೆ ಬಿತ್ತು.

ದಾನವ್ವ ಆ ಪ್ಯಾಂಟಿಗೆ ಒಂಬತ್ತು ದಿನ ಕೂತಳು. ಮೊದಲು ಒಳಬದಿಯ ಹೊಲಿಗೆ ಬಿಚ್ಚಿದಳು. ಅಲ್ಲಿ ಅವಳಿಗೊಂದು ಸೋಜಿಗ ಕಾಣಿಸಿತು. ಹೊರಬಟ್ಟೆಯ ಪ್ರತಿ ಹೊಲಿಗೆಯ ಬೆನ್ನಿಗೂ ಕಾರ್ಖಾನೆಯವರು ತೆಳ್ಳನೆಯ ಪಟ್ಟಿ ಅಂಟಿಸಿದ್ದರು, ಗಾಯಕ್ಕೆ ಪ್ಲಾಸ್ಟರ್ ಹಾಕಿದ ಹಾಗೆ. ಸಂಜೆ ಆಂಗ್ ಮೋ ಕಿಯೋದ ಕಂಪನಿಯಿಂದ ಮನೆಗೆ ಬಂದ ಮಗ ಸೂರಜನಿಗೆ ತೋರಿಸಿದಳು.

"ನೋಡೋ, ಹೊಲಿದು ಮ್ಯಾಲ ಪಟ್ಟಿ ಬಡದಾರ. ತಮ್ಮ ಹೊಲಿಗಿ ಮ್ಯಾಲ ತಮಗ ನಂಬಿಕಿ ಇಲ್ಲ ಇವರಿಗೆ."

"ಮಷೀನ್ ಹೊಲಿಗಿ ಅಲ್ಲೇನಬೇ," ಎಂದು ಅವನು ಫೋನಿನಿಂದ ತಲೆ ಎತ್ತದೆ ಹೇಳಿದ. ಅವನಿಗೂ ಗೊತ್ತಿರಲಿಲ್ಲ.

ಗಂಟಾದ ತುಂಬನ್ನು ಬೆರಳಿಂದ ಬಿಡಿಸಿ, ಸಾಲದ ಕಡೆ ಹಳೆಯ ಹೊದಿಕೆಯದು ಸೇರಿಸಿ, ಸೊಂಟದಿಂದ ಹಿಮ್ಮಡಿಯವರೆಗೆ ಸಮನಾಗಿ ಹರಡಿದಳು. ಆಮೇಲೆ ದಪ್ಪ ನೂಲಿನ ಕೆಂಪು ದಾರ ಪೋಣಿಸಿ ಶುರುಮಾಡಿದಳು. ಹೊರಬಟ್ಟೆ, ತುಂಬು, ಒಳಬಟ್ಟೆ ಮೂರನ್ನೂ ಹಿಡಿದು ಬೆರಳಗಲಕ್ಕೊಂದು ಸಾಲು, ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆ. ಅವಳ ತಾಯಿ ಹೊಲಿಯುತ್ತಿದ್ದ ರೀತಿಯೇ ಅದು. ಊರ ಬಾಣಂತಿಯರೆಲ್ಲ ಅವಳ ತಾಯಿಯ ಕೌದಿಯಲ್ಲೇ ಮಲಗಿದವರು. ಕೊನೆಯ ಮೂಲೆ ಮುಚ್ಚುವಾಗ ಕೌದಿ ಹಸಿದಿರಬಾರದೆಂದು ತಾಯಿ ನಾಲ್ಕು ಜೋಳದ ಕಾಳು ಒಳಗಿಡುತ್ತಿದ್ದಳು. ಮನೆಯಲ್ಲಿ ಜೋಳದ ಹಿಟ್ಟಿತ್ತು, ಕಾಳಿರಲಿಲ್ಲ. ದಾನವ್ವ ಎಡಗಾಲಿನ ಅಂಚಿನಲ್ಲಿ ನಾಲ್ಕು ಅಕ್ಕಿಕಾಳು ಇಟ್ಟು ಹೊಲಿದಳು. ಸೂಜಿ ಆ ಬಟ್ಟೆಯಲ್ಲಿ ಸುಲಭಕ್ಕೆ ಇಳಿಯುತ್ತಿರಲಿಲ್ಲ. ಒಳಗೆ ರಬ್ಬರಿನಂಥ ಲೇಪವಿತ್ತು, ಪ್ರತಿ ಚುಚ್ಚಿಗೂ ಸಣ್ಣದಾಗಿ ಟಪ್ ಎನ್ನುತ್ತಿತ್ತು. ಎಡಜೇಬಿನ ಕೆಳಗೆ ಅಂಗೈಯಷ್ಟು ಜಾಗದಲ್ಲಿ ಬಟ್ಟೆ ಎರಡು ಪದರವಾಗಿ ಸೂಜಿಯೇ ಮುರಿಯಿತು. ಅಷ್ಟನ್ನು ಬಿಟ್ಟಳು.

ಎಪ್ಪತ್ತರ ವಯಸ್ಸಿನಲ್ಲಿ ಅಂಥ ಕೆಲಸ ಇನ್ನೊಮ್ಮೆ ಮಾಡಲಾರೆ ಎಂದು ಅವಳಿಗೇ ಅನಿಸಿತು. ತೃಪ್ತಿ ತೊಟ್ಟು, ಕನ್ನಡಿಯ ಮುಂದೆ ಕುಣಿದು, ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿ, ದಾನವ್ವನ ಕೆನ್ನೆಗೆ ಮುತ್ತು ಕೊಟ್ಟು ಹೋದಳು. ಡಿಸೆಂಬರ್ ಹದಿನಾಲ್ಕಕ್ಕೆ ಆರು ಜನ ಗೆಳೆಯರ ಗುಂಪು ಜಪಾನಿನ ಒಂದು ಹಿಮದ ಗುಡ್ಡಕ್ಕೆ ಹೊರಟಿತು. ಅವರಲ್ಲಿ ಕನ್ನಡದವರು ಇಬ್ಬರೇ, ತೃಪ್ತಿ ಮತ್ತು ದ್ವಾರಕನಾಥರ ಮಗ ಚಿರಂತ್. ದ್ವಾರಕನಾಥರು ಸೂರಜನ ಕಂಪನಿಯವರು. ಚಿರಂತ್ ಮತ್ತು ತೃಪ್ತಿ ಇದೇ ಹೌಗಾಂಗಿನ ಆಟದ ಬಯಲಲ್ಲಿ ಒಟ್ಟಿಗೆ ಬೆಳೆದವರು. ಅವನಿಗೆ ಇಪ್ಪತ್ತೆರಡು, ಕೊನೆಯ ವರ್ಷದ ಓದು.

ಹದಿನೇಳನೆಯ ತಾರೀಕು ಭಾನುವಾರ ಆ ಗುಡ್ಡದ ಮೇಲೆ ಬೆಳಗ್ಗೆ ಮಳೆ ಬೆರೆತ ಹಿಮ ಬಿದ್ದಿತಂತೆ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಚಳಿ ಒಮ್ಮೆಲೇ ಏರಿತು, ಮೇಲೇರುವ ಲಿಫ್ಟು ನಿಲ್ಲಿಸಿದರು. ಮಂಜಿನಲ್ಲಿ ತೃಪ್ತಿ ತಿರುವು ತಪ್ಪಿ ಮರಗಳ ಹಿಂದೆ ಇಳಿದುಬಿಟ್ಟಿದ್ದಳು. ಹುಡುಕುವವರಿಗೆ ಸಿಕ್ಕಾಗ ಮೂರೂವರೆ ಗಂಟೆ ಕಳೆದಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. ಪದ್ಮಜಾ ಮತ್ತು ಗಂಡ ಆತ್ರೇಯ ಹೋಗಿ ಮುಟ್ಟಿದಾಗ ಇನ್ನೂ ಉಸಿರಿತ್ತು. ಮಂಗಳವಾರ ಹೋಯಿತು. ಶನಿವಾರ ಸಿಂಗಪುರಕ್ಕೆ ತಂದು ಮಂಡಾಯಿಯ ಚಿತಾಗಾರದಲ್ಲಿ ಸುಟ್ಟರು.

ಜನವರಿ ಎರಡರಂದು ದಾನವ್ವ ರೊಟ್ಟಿ, ಬೇಳೆ ಕಟ್ಟಿಕೊಂಡು ರಸ್ತೆಯಾಚೆಯ ಕಾಂಡೋದಲ್ಲಿದ್ದ ಪದ್ಮಜಾಳ ಮನೆಗೆ ಹೋದಳು. ಪದ್ಮಜಾ ಉಣ್ಣುತ್ತಿರಲಿಲ್ಲ. ಮಾತಾಡುತ್ತಿದ್ದಳು. ಒಂದೇ ಮಾತನ್ನು ಮತ್ತೆ ಮತ್ತೆ.

"ಡಾಕ್ಟರ್ ಹೇಳಿದ್ರು ಆಂಟಿ. ಮೇಲೆ ಜಾಕೆಟ್ ಒಳಗೆಲ್ಲ ಡ್ರೈ ಇತ್ತಂತೆ. ಸೊಂಟದಿಂದ ಕೆಳಗೆ ಪೂರ್ತಿ ಒದ್ದೆ. ಒದ್ದೆಯಾಗಿ ಹಾಗೇ ಐಸ್ ಆಗಿತ್ತಂತೆ. ಒದ್ದೆ ಆಗಿಲ್ದಿದ್ರೆ ಮೂರು ಗಂಟೆ ತಡ್ಕೊಳ್ತಿದ್ಲು ಅಂದ್ರು." ಅವಳು ಬೆರಳುಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದಳು. "ಸ್ಕೀ ಪ್ಯಾಂಟ್ ಹಾಕ್ಕೊಂಡೋಳು ಹೇಗೆ ಅಷ್ಟು ಒದ್ದೆ ಆಗ್ತಾಳೆ ಹೇಳಿ? ಗಂಟೆಗಟ್ಟಲೆ ಹಿಮದಲ್ಲಿ ಕೂತಿರಬೇಕು. ಆ ಚಿರಂತ್ ಇವಳನ್ನ ಕೂರಿಸಿ ತಾನು ಇಳಿದುಹೋಗಿದಾನೆ. ತಾನು ಹೋಗಿ ಹತ್ತೇ ನಿಮಿಷಕ್ಕೆ ಮಂಜು ಬಂತು ಅಂತ ಪೊಲೀಸರ ಹತ್ರ ಸುಳ್ಳು ಹೇಳಿದಾನೆ. ನಾನು ಬಿಡಲ್ಲ. ಅವನ ಯೂನಿವರ್ಸಿಟಿಗೆ ಬರೀತೀನಿ, ಎಲ್ರಿಗೂ ಹೇಳ್ತೀನಿ."

ದಾನವ್ವ ಹೊರಡುವಾಗ ಪದ್ಮಜಾ ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಚೀಲವನ್ನು ಅವಳ ಕೈಗಿಟ್ಟಳು. "ಇದನ್ನ ತಗೊಂಡು ಹೋಗಿ ಆಂಟಿ. ನನಗೆ ನೋಡೋಕಾಗಲ್ಲ."

ಮನೆಗೆ ಬಂದು ದಾನವ್ವ ಬಚ್ಚಲಲ್ಲಿ ಚೀಲ ಬಿಚ್ಚಿದಳು. ಪ್ಯಾಂಟಿನ ಬಲಗಾಲನ್ನು ಆಸ್ಪತ್ರೆಯವರು ಕತ್ತರಿಯಲ್ಲಿ ಹಿಮ್ಮಡಿಯಿಂದ ತೊಡೆಯವರೆಗೆ ಸೀಳಿದ್ದರು. ನೇರವಾಗಿ, ಒಂದೇ ಏಟಿಗೆ. ಎಡಗಾಲು ಹಾಗೇ ಇತ್ತು. ಹೊಲಿಯುವವಳ ಕೈಗೆ ಅಭ್ಯಾಸ, ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದೂ ಬಿಟ್ಟಿರಲಿಲ್ಲ.

ಅಲ್ಲಿಯೇ ಅವಳಿಗೆ ಆ ಪಟ್ಟಿಗಳ ನೆನಪಾಯಿತು. ಹೊಲಿಗೆಯ ಬೆನ್ನಿಗೆ ಪಟ್ಟಿ ಯಾಕೆ ಅಂಟಿಸುತ್ತಾರೆ?

ಅವಳು ಎಡಗಾಲನ್ನು ಬಕೆಟ್ಟಿನ ಬಾಯಿಗೆ ಜರಡಿಯಂತೆ ಹರಡಿದಳು. ಮೊದಲು ಜೇಬಿನ ಕೆಳಗಿನ, ಸೂಜಿ ಮುರಿದ ಅಂಗೈಯಗಲದ ಜಾಗ. ಒಂದು ಲೋಟ ನೀರು ಹುಯ್ದಳು. ನೀರು ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನಿಂತಿತು. ಎಷ್ಟು ಹೊತ್ತಾದರೂ ಕೆಳಗೆ ಬಟ್ಟೆ ಒಣಗಿತ್ತು. ಆಮೇಲೆ ತೊಡೆಯ ಭಾಗ ಹರಡಿ ಇನ್ನೊಂದು ಲೋಟ ಹುಯ್ದಳು. ಅಲ್ಲಿಯೂ ನೀರು ಒಂದು ಗಳಿಗೆ ನಿಂತಿತು. ನಿಂತಲ್ಲೇ ಕೆಂಪು ದಾರ ಒಂದೊಂದು ಹೊಲಿಗೆಯಾಗಿ ಕಪ್ಪಾಗತೊಡಗಿತು. ಬತ್ತಿ ಎಣ್ಣೆ ಎಳೆದಂತೆ ನೂಲು ನೀರನ್ನು ಒಳಗೆ ಎಳೆಯುತ್ತಿತ್ತು. ದಾನವ್ವ ಕೆಳಗೆ ಕೈ ಹಿಡಿದಳು. ನೂರು ಎಣಿಸುವ ಮೊದಲು ಅಂಗೈ ಒದ್ದೆಯಾಯಿತು.

ಸೂಜಿಯ ತೂತಿನಿಂದ ನೀರು ಇಳಿಯದಿರಲೆಂದೇ ಕಾರ್ಖಾನೆಯವರು ಪಟ್ಟಿ ಅಂಟಿಸಿದ್ದು. ಒಂಬತ್ತು ದಿನ ಕೂತು ಎಷ್ಟು ತೂತು ಮಾಡಿದ್ದಳೋ ಅವಳಿಗೇ ತಿಳಿಯದು. ಹುಡುಗಿಗೆ ಹೊದಿಸಿ ಕಳಿಸಿದ್ದು ಜರಡಿ.

ಅವಳು ಬಚ್ಚಲ ನೆಲದ ಮೇಲೆ ಕೂತೇ ಇದ್ದಳು. ಸೂರಜ ಬಂದು ಬಾಗಿಲು ಬಡಿದ. ಮಗನಿಗೆ ಎಲ್ಲ ಹೇಳಿದಳು, ನೀರು ಹುಯ್ದೂ ತೋರಿಸಿದಳು. ಅವನು ನೋಡಿ, ಮುಖ ಒರೆಸಿಕೊಂಡು, ಬಾಗಿಲು ಹಾಕಿ ಬಂದ.

"ಯಾರ ಮುಂದನೂ ಬಾಯಿ ಬಿಡಬ್ಯಾಡ ಅವ್ವಾ."

"ಆ ಹುಡುಗನ ಮ್ಯಾಲ ಹಾಕ್ಯಾರಲ್ಲೋ. ಒದ್ದಿ ಆಗಿದ್ದ ಸಾಕ್ಷಿ ಅಂತ ಪದ್ಮಜಾ ಹೇಳ್ಕೋತ ಹೊಂಟಾಳ. ಆ ಒದ್ದಿ ನನ್ನದಲ್ಲೇನು?"

"ಅವ ಬಿಟ್ಟು ಹೋಗಿದ್ದು ಖರೆ ಹೌದಲ್ಲ? ನೀ ಹೇಳಿದ್ರ ತೃಪ್ತಿ ಎದ್ದು ಬರ್ತಾಳೇನು? ಪದ್ಮಜಾ ಆಂಟಿ ಈಗ ಒಬ್ಬರ ಮ್ಯಾಲ ಸಿಟ್ಟು ಹಿಡಕೊಂಡು ನಿಂತಾರ. ನೀ ಹೇಳಿದ್ರ ಅವರಿಗೆ ನಿಲ್ಲಾಕ ಏನೂ ಉಳಿಯೂದಿಲ್ಲ. ನಾಲ್ಕು ದಿನ ತಡಿ. ತಾನ ತಣ್ಣಗಾಗ್ತದ."

ದಾನವ್ವ ತಡೆದಳು. ತಡೆಯುವುದು ಅವಳಿಗೆ ಬಾಲ್ಯದಿಂದ ಬಂದದ್ದು. ಅವಳು ಹತ್ತು ವರ್ಷದವಳಿದ್ದಾಗ ತಾಯಿ ಎದುರುಮನೆಯ ಕೂಸಿಗೆ ಕೌದಿ ಹೊಲಿದಿದ್ದಳು. ಕೊಟ್ಟು ಬಂದ ಮೇಲೆ ನೋಡಿದರೆ ಒಂದು ಸೂಜಿ ಕಡಿಮೆ. ದಾನವ್ವ ಹೇಳೋಣ ಅಂದಳು. ತಾಯಿ ಅವಳ ಬಾಯಿ ಮುಚ್ಚಿ, "ಹೇಳಿದ್ರ ನಮ್ಮ ಕೈಯಾಗಿನ ಕೌದಿ ಯಾರು ಹೊದಿತಾರ?" ಎಂದಳು. ಆ ಕೂಸು ಬೆಳೆದು ದೊಡ್ಡದಾಯಿತು, ಏನೂ ಆಗಲಿಲ್ಲ. ಸೂಜಿ ಕೊನೆಗೂ ಸಿಗಲಿಲ್ಲ. ಆದರೆ ತಾಯಿ ಸಾಯುವತನಕ ಎದುರುಮನೆಯ ಹೊಸ್ತಿಲು ತುಳಿಯಲಿಲ್ಲ. ಮಗಳು ದಿನಾ ಮುಂಜಾನೆ ಎದ್ದು ಮೊದಲು ಆ ಕೂಸು ಅಳುತ್ತದೋ ಇಲ್ಲವೋ ಕೇಳಿಸಿಕೊಳ್ಳುತ್ತಿದ್ದಳು. ಅಳು ಕೇಳಿದರೆ ಸಮಾಧಾನ.

ಜನವರಿ ಎಂಟರಂದು ಬೆಳಗ್ಗೆ ಹನ್ನೊಂದಕ್ಕೆ ಚಿರಂತ್ ಬಂದ. ಚಳಿ ಪೆಟ್ಟಿಗೆಯಿಂದ ಒಯ್ದಿದ್ದ ಜಾಕೆಟ್ಟು, ಕೈಗವಸು ತೊಳೆದು ಮಡಚಿ ತಂದಿದ್ದ. ಗಡ್ಡ ಬಿಟ್ಟಿತ್ತು. ಒಳಗೆ ಬಾ ಅಂದರೂ ಬಾಗಿಲಲ್ಲೇ ನಿಂತ.

"ತೊಳೆದಿದೀನಿ ಅಜ್ಜಿ. ರೂಲ್ ಅಲ್ವಾ."

ಅವಳು ಕೈ ಹಿಡಿದು ಎಳೆದು ಕೂರಿಸಿದಳು. ಚಹಾ ಕೊಟ್ಟಳು. ಅವನು ಕುಡಿಯದೆ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡ.

"ನೀವೂ ಹಾಗೇ ಅನ್ಕೊಂಡಿದೀರಾ? ನಾನು ಬಿಟ್ಟು ಬಂದೆ ಅಂತ?"

"ಏನಾತು ಅಂತ ನೀನ ಹೇಳು ಮಗಾ."

"ಅವಳು ಬೆಳಗ್ಗೆಯಿಂದ ಬೀಳ್ತಾನೇ ಇದ್ಲು. ಎಲ್ರೂ ನಗ್ತಿದ್ವಿ, ಅವಳೂ ನಗ್ತಿದ್ಲು. ಮಧ್ಯಾಹ್ನ ಗುಡ್ಡದ ಮೇಲೆ ಕೂತಾಗ ಹೇಳಿದ್ಲು, ಕಾಲೆಲ್ಲ ಒದ್ದೆ ಕಣೋ, ಚಳಿ ಆಗ್ತಿದೆ ಅಂತ. ನಾನು ನಂಬಲಿಲ್ಲ. ಸ್ಕೀ ಪ್ಯಾಂಟ್ ಲಾ, ವಾಟರ್‌ಪ್ರೂಫ್, ಒಳಗಡೆ ಬೆವರಿರಬೇಕು, ಡ್ರಾಮಾ ಮಾಡಬೇಡ ಅಂದೆ." ಅವನು ಲೋಟ ಕೆಳಗಿಟ್ಟ. "ನೀನು ಹೋಗಿ ಕೆಳಗೆ ಕೆಫೆಯಲ್ಲಿ ಟೇಬಲ್ ಹಿಡಿ, ನಾನು ಮೆಲ್ಲಗೆ ಬರ್ತೀನಿ ಅಂದ್ಲು. ಹೋದೆ. ಹತ್ತು ನಿಮಿಷದಲ್ಲಿ ಮಂಜು ಬಂತು. ನಲವತ್ತು ನಿಮಿಷ ಕಾದು ಅಲ್ಲಿನ ರೆಸ್ಕ್ಯೂನವರಿಗೆ ಹೇಳಿದೆ. ಬೇಗ ಹೇಳ್ಬೇಕಿತ್ತು. ಆದ್ರೆ ಬೆವರೇ ಇರಬೇಕು ಅಲ್ವಾ ಅಜ್ಜಿ? ಆಗ್ಲೇ ಒದ್ದೆ ಇರೋಕೆ ಸಾಧ್ಯ ಇಲ್ಲ. ಆಮೇಲೆ ಕಾಡಲ್ಲಿ ಬಿದ್ದಾಗ ಒದ್ದೆ ಆಗಿರೋದು. ಅಲ್ವಾ?"

ಆಗ ಹೇಳಬೇಕಾಗಿತ್ತು. ಬಚ್ಚಲಲ್ಲಿ, ಹತ್ತು ಹೆಜ್ಜೆಯಾಚೆ, ಪ್ಯಾಂಟು ಕೊಂಡಿಗೆ ತೂಗುತ್ತಿತ್ತು. ದಾನವ್ವನ ಬಾಯಿಯವರೆಗೆ ಬಂತು. ಅವಳು ಜಾಕೆಟ್ಟಿನ ತೋಳನ್ನು ಬಿಡಿಸಿ, ಮತ್ತೆ ಮಡಚಿ, "ಚಹಾ ಆರ್ತದ ಮಗಾ, ಕುಡಿ," ಎಂದಳು.

ಅವನು ಕುಡಿದು ಹೋದ.

ಸಂಕ್ರಾಂತಿ ಬಂತು. ಕನ್ನಡದವರೆಲ್ಲ ಒಂದು ಹಾಲಿನಲ್ಲಿ ಸೇರಿದ್ದರು. ಪದ್ಮಜಾ ಬಂದಿರಲಿಲ್ಲ, ಆದರೆ ಅವಳ ಮಾತು ಅವಳಿಗಿಂತ ಮೊದಲೇ ಎಲ್ಲರನ್ನೂ ಮುಟ್ಟಿತ್ತು. ಚಿರಂತನ ತಾಯಿ ವಿಭಾ ಹೊಸ ಸೀರೆಯುಟ್ಟು, ತಟ್ಟೆಯಲ್ಲಿ ಎಳ್ಳುಬೆಲ್ಲದ ಪೊಟ್ಟಣ ಜೋಡಿಸಿಕೊಂಡು ಒಬ್ಬಳೇ ಬಂದಳು. ಮಗನ ಪರವಾಗಿ ತಲೆಯೆತ್ತಿ ನಿಲ್ಲಬೇಕೆಂದು ಬಂದಿದ್ದಳೋ ಏನೋ. ಅವಳು ಒಬ್ಬರ ಮುಂದೆ ಹೋದರೆ ಅವರಿಗೆ ಫೋನ್ ಬರುತ್ತಿತ್ತು, ಇನ್ನೊಬ್ಬರ ಮುಂದೆ ಹೋದರೆ ಅವರಿಗೆ ಮಗುವನ್ನು ಬಾತ್‌ರೂಮಿಗೆ ಕರೆದೊಯ್ಯಬೇಕಿತ್ತು. ಯಾರೂ ಕೆಟ್ಟ ಮಾತಾಡಲಿಲ್ಲ. ಯಾರೂ ಪೊಟ್ಟಣ ತೆಗೆದುಕೊಳ್ಳಲಿಲ್ಲ. ವಿಭಾ ದಾನವ್ವನ ಮುಂದೆ ಬಂದಾಗ ತಟ್ಟೆ ತುಂಬಿದ ಹಾಗೇ ಇತ್ತು.

ದಾನವ್ವ ಪೊಟ್ಟಣ ತೆಗೆದುಕೊಂಡಳು.

"ಸೆಮಿಸ್ಟರ್ ಶುರುವಾಗಿದೆ ಆಂಟಿ, ಅವನು ಕ್ಲಾಸಿಗೇ ಹೋಗ್ತಿಲ್ಲ," ಎಂದು ವಿಭಾ ಮೆಲ್ಲಗೆ ಹೇಳಿದಳು. "ಓದು ಬಿಟ್ಬಿಡ್ತೀನಿ ಅಂತಾನೆ. ಭಾನುವಾರ ಮೈಸೂರಿಗೆ, ನನ್ನ ತಂಗಿ ಮನೆಗೆ ಕಳಿಸ್ತಿದೀವಿ. ಇಲ್ಲಿದ್ರೆ ಏನಾದ್ರೂ ಮಾಡ್ಕೊಳ್ತಾನೆ ಅಂತ ಭಯ."

ಎರಡು ದಿನ ದಾನವ್ವ ಸೂಜಿ ಮುಟ್ಟಲಿಲ್ಲ. ಬುಧವಾರ ಸಂಜೆ ಐದೂವರೆಗೆ ಪ್ಯಾಂಟನ್ನು ಚೀಲದಲ್ಲಿಟ್ಟುಕೊಂಡು, ಸೂರಜ ಬರುವ ಮೊದಲೇ ಹೊರಟು, ಪದ್ಮಜಾಳ ಮನೆಗೆ ಹೋದಳು.

"ತಂಗಿ, ನಾ ಒಂದು ಮಾತು ಹೇಳಾಕ ಬಂದೀನಿ. ಆ ಹುಡುಗನ ತಪ್ಪಲ್ಲ ಅದು. ನನ್ನ ಸೂಜಿದು."

ಪದ್ಮಜಾ ಮೊದಲು ಕೇಳಿಸಿಕೊಳ್ಳಲಿಲ್ಲ. "ವಿಭಾ ಕಳಿಸಿದ್ರಾ? ಅಳ್ತಾ ಬಂದಿದ್ರಾ ನಿಮ್ಮ ಹತ್ರ? ನೀವು ಒಳ್ಳೆಯವ್ರು ಆಂಟಿ, ಯಾರು ಅತ್ರೂ ಕರಗ್ತೀರಾ."

ದಾನವ್ವ ಅಡಿಗೆಮನೆಯ ಸಿಂಕಿನ ಮೇಲೆ ಪ್ಯಾಂಟು ಹರಡಿದಳು. ಜೇಬಿನ ಕೆಳಗಿನ ಜಾಗಕ್ಕೆ ನೀರು ಬಿಟ್ಟಳು, ತೋರಿಸಿದಳು. ತೊಡೆಯ ಜಾಗಕ್ಕೆ ನೀರು ಬಿಟ್ಟಳು. ಪದ್ಮಜಾಳ ಕೈಯನ್ನು ಹಿಡಿದು ಬಟ್ಟೆಯ ಕೆಳಗೆ ಇಟ್ಟಳು.

ಪದ್ಮಜಾ ಕೈ ತೆಗೆಯಲಿಲ್ಲ. ನೀರು ಬೆರಳ ಸಂದಿಯಿಂದ ಇಳಿದು ಸಿಂಕಿಗೆ ತೊಟ್ಟಿಕ್ಕುತ್ತಿತ್ತು. ಒಂದು ಸಾಲು ಹೊಲಿಗೆಯ ಮೇಲೆ ಇನ್ನೊಂದು ಕೈಯ ಹೆಬ್ಬೆರಳನ್ನು ಸೊಂಟದಿಂದ ಮೊಣಕಾಲಿನವರೆಗೆ ಎಳೆದಳು. ಅವಳ ಬಾಯಿಂದ ಬಂದದ್ದು ಅಳುವಲ್ಲ, ಬೇರೆ ಏನೋ ಸದ್ದು.

"ನಾನು ಆರ್ಡರ್ ಮಾಡ್ತೀನಿ ಅಂದೆ," ಎಂದಳು.

"ಹೌದು ತಂಗಿ. ಅಂದಿದ್ರಿ."

"ಅಂದಿದ್ದೆ ತಾನೇ? ನಾನು ಅಂದಿದ್ದೆ."

"ನಾ ಬ್ಯಾಡ ಅಂದೆ."

ಪದ್ಮಜಾ ನಲ್ಲಿ ನಿಲ್ಲಿಸಿದಳು. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. ಆಮೇಲೆ ಫೋನ್ ತೆಗೆದು, ದಾನವ್ವನ ಎದುರಿಗೇ ದ್ವಾರಕನಾಥರಿಗೆ ಮಾಡಿದಳು. ಬ್ಯಾಂಕಿನಲ್ಲಿ ಮಾತಾಡುವ ದನಿಯಲ್ಲಿ, ನಡುಗದೆ, ಹೇಳಿದಳು: "ಪ್ಯಾಂಟ್ ಡಿಫೆಕ್ಟ್ ಆಗಿತ್ತು. ಈಗ ಗೊತ್ತಾಯ್ತು. ನಾನು ಹೇಳಿದ್ದೆಲ್ಲ ತಪ್ಪು. ಎಲ್ಲರಿಗೂ ನಾನೇ ಮೆಸೇಜ್ ಹಾಕ್ತೀನಿ." ಆ ಕಡೆಯಿಂದ ಏನಂದರೋ ದಾನವ್ವನಿಗೆ ಕೇಳಿಸಲಿಲ್ಲ. ಮಾತು ಬೇಗ ಮುಗಿಯಿತು.

"ಅದನ್ನ ಇಲ್ಲೇ ಬಿಡಿ," ಎಂದು ಪದ್ಮಜಾ ಪ್ಯಾಂಟು ತೋರಿಸಿ ಹೇಳಿದಳು. "ಇನ್ಮೇಲೆ ಬರಬೇಡಿ ಆಂಟಿ. ಊಟ ಗೀಟ ಕಳಿಸಬೇಡಿ. ನೀವು ಬೇಕು ಅಂತ ಮಾಡಿಲ್ಲ, ನನಗೆ ಗೊತ್ತು. ಗೊತ್ತಿದ್ರೂ ಬರಬೇಡಿ."

ಮೆಸೇಜು ಅಂದೇ ಹೋಯಿತು, ಕೌದಿ ಹೊಲಿಗೆಯ ವಿಷಯವೂ ಅದರಲ್ಲಿತ್ತು. ಮರುದಿನ ಬೆಳಗ್ಗೆ ಇಬ್ಬರು ಬಂದು ಫಾಲ್ ಹಚ್ಚಲು ಕೊಟ್ಟಿದ್ದ ಸೀರೆಗಳನ್ನು ಅರ್ಧದಲ್ಲೇ ವಾಪಸು ಒಯ್ದರು. ಚಳಿ ಪೆಟ್ಟಿಗೆಯನ್ನು ಯಾರು ಇಟ್ಟುಕೊಳ್ಳಬೇಕೆಂದು ಫೋನಿನಲ್ಲಿ ಚರ್ಚೆಯಾಗಿ, ಎಲ್ಲರೂ ಬೇಡವೆಂದಾಗ, ಸೂರಜನೇ ಅದನ್ನು ಬ್ಲಾಕಿನ ಕಸದ ಜಾಗದಲ್ಲಿ ಬಿಟ್ಟು ಬಂದ. ತಾಯಿಯ ಜೊತೆ ಅವನು ಮಾತು ಬಿಟ್ಟಿದ್ದ. ಆಫೀಸಿನಲ್ಲಿ ದ್ವಾರಕನಾಥರ ಎದುರು ಹೇಗೆ ತಲೆ ಎತ್ತಲಿ ಎಂದು ಒಮ್ಮೆ ಕೂಗಾಡಿದ್ದು ಬಿಟ್ಟರೆ.

ದಾನವ್ವನಿಗೆ ಒಂದೇ ಆಸೆ ಉಳಿದಿತ್ತು. ಹುಡುಗನ ಹೆಸರು ತೊಳೆದದ್ದಾಯಿತು, ಇನ್ನು ಅವನು ಹೋಗಲಾರ, ಪುಸ್ತಕ ಹಿಡಿಯುತ್ತಾನೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅವಳು ನಡೆದುಕೊಂಡೇ ದ್ವಾರಕನಾಥರ ಬ್ಲಾಕಿಗೆ ಹೋದಳು. ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಚಿರಂತ್ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಎರಡು ಸೂಟ್‌ಕೇಸು. ತಂದೆ ತಾಯಿ ರಸ್ತೆಯ ಬದಿ ಟ್ಯಾಕ್ಸಿಗೆ ಕಾಯುತ್ತಿದ್ದರು. ವಿಭಾ ಇವಳನ್ನು ನೋಡಿ ಮುಖ ತಿರುಗಿಸಿದಳು.

"ಹೊಂಟಿಯೇನು ಮಗಾ? ಈಗ ಯಾರೂ ನಿನಗ ಏನೂ ಅನ್ನೂದಿಲ್ಲ. ತಪ್ಪು ನಂದು ಅಂತ ಎಲ್ಲಾರಿಗೂ ಗೊತ್ತಾಗೇದ."

ಅವನು ಸರಿದು ಕೂತು ಅವಳಿಗೆ ಜಾಗ ಮಾಡಿದ.

"ಅಜ್ಜಿ, ನಾನು ಜಾಕೆಟ್ ಕೊಡೋಕೆ ಬಂದಿದ್ನಲ್ಲ. ಆಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ತಲೆಯಾಡಿಸಿದ. ಸಿಟ್ಟಾಗಲಿಲ್ಲ. ಸಿಟ್ಟಾಗಲಿ ಎಂದು ಅವಳು ಕಾದಳು.

"ನೀರು ಬೇಗ ಇಳಿಯತ್ತಾ? ಆ ಹೊಲಿಗೆಯಿಂದ?"

"ಬೇಗ."

"ಅಂದ್ರೆ ಅವಳು ಬೆಳಗ್ಗೆಯಿಂದಾನೇ ಒದ್ದೆ ಆಗಿದ್ಲು."

ತಾನು ಅವನಿಗೆ ಏನು ತಂದುಕೊಟ್ಟೆನೆಂಬುದು ದಾನವ್ವನಿಗೆ ಆಗ ಹೊಳೆಯಿತು. ಊರು ಅವನ ಮೇಲೆ ಹೊರಿಸಿದ್ದನ್ನು ಇಳಿಸಿದ್ದಳು. ಅವನು ತಾನೇ ಹಿಡಿದುಕೊಂಡಿದ್ದ ಒಂದು ಸಮಾಧಾನವಿತ್ತಲ್ಲ, ಬೆವರಿರಬೇಕು ಎಂಬುದು, ಅದನ್ನೂ ಕಿತ್ತುಕೊಂಡಿದ್ದಳು.

"ನನಗೆ ಹೇಳಿದಾಗ ನಿಜಾನೇ ಹೇಳಿದ್ಲು," ಎಂದ ಚಿರಂತ್. "ಚಳಿ ಆಗ್ತಿದೆ ಅಂದ್ಲು. ನಾನು ಡ್ರಾಮಾ ಅಂದೆ."

"ನಿನಗ ಹೆಂಗ ಗೊತ್ತಾಗಬೇಕಿತ್ತು ಮಗಾ..."

"ಅವಳು ಹೇಳಿದ್ಲಲ್ಲ ಅಜ್ಜಿ. ಇನ್ನು ಹೇಗೆ ಗೊತ್ತಾಗಬೇಕಿತ್ತು?"

ಟ್ಯಾಕ್ಸಿ ಬಂತು. ದ್ವಾರಕನಾಥರು ಸೂಟ್‌ಕೇಸು ಎತ್ತಲು ಬಂದರು, ದಾನವ್ವನಿಗೆ ಕೈ ಮುಗಿದರು. ಚಿರಂತ್ ಎದ್ದು, ಅವಳು ಕೂತಲ್ಲೇ ಅವಳ ಭುಜವನ್ನು ಒಮ್ಮೆ ಮುಟ್ಟಿ, ಹಿಂದಿನ ಸೀಟಿನಲ್ಲಿ ಹೋಗಿ ಕೂತ. ತಾಯಿ ಕಿಟಕಿಯೊಳಗೆ ಕೈ ಹಾಕಿ ಅವನ ಕೂದಲು ಸರಿಮಾಡಿದಳು. ಅವನು ಮುಂದೆಯೇ ನೋಡುತ್ತಿದ್ದ.

ಪರೀಕ್ಷೆಗೆ ಮೂರು ತಿಂಗಳಿದ್ದವು. ಚಿರಂತ್ ಸಿಂಗಪುರ ಬಿಟ್ಟು ಹೋದದ್ದು ಜನವರಿ ಇಪ್ಪತ್ತೊಂದು, ಭಾನುವಾರ.